ಅಟ್ಟದ ಮೇಲೊಂದು ಲೂಪ್ ಲೈನ್: ಮಾಡೆಲ್ ರೈಲಿಗೆ ಕೈಯಾರೆ ಪಾಯಿಂಟ್ಸ್ ಮಾಡುವುದು

ಶಿರಸಿಗೆ ಇನ್ನೂ ರೈಲು ಬಂದಿಲ್ಲ. ನಮ್ಮ ಮನೆಯ ಅಟ್ಟಕ್ಕೆ ಬಂದು ಐದು ವರ್ಷವಾಯಿತು.

ಅಡಿಕೆ ಚೀಲ ಇಡುತ್ತಿದ್ದ ಅಟ್ಟದ ಅರ್ಧ ಭಾಗದಲ್ಲಿ ಈಗ ಒಂದು ಪುಟ್ಟ ಸ್ಟೇಷನ್ ಇದೆ. ಮಿರ್ಜಾನ್ ಸ್ಟೇಷನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹಾಗೇ ಇದೆ ಎಂದು ಹೇಳುವ ಧೈರ್ಯ ನನಗಿಲ್ಲ. ಕೊಂಕಣ ರೈಲು ಬಹುತೇಕ ಒಂಟಿ ಹಳಿಯ ದಾರಿ. ಎದುರಾಗುವ ಎರಡು ಗಾಡಿಗಳಲ್ಲಿ ಒಂದು ಲೂಪಿಗೆ, ಅಂದರೆ ಪಕ್ಕಕ್ಕೆ ಕವಲೊಡೆದು ಮತ್ತೆ ಬಂದು ಕೂಡುವ ಹಳಿಗೆ, ಸರಿದು ನಿಲ್ಲಲೇಬೇಕು. ಕುಮಟೆಯಲ್ಲೋ ಅಂಕೋಲೆಯಲ್ಲೋ ನಿಂತ ಗಾಡಿಯೊಳಗೆ ಕೂತು "ಕ್ರಾಸಿಂಗ್ ಅಂತೆ ಮಾರಾಯ" ಎಂದು ಗೊಣಗಿದವರಿಗೆಲ್ಲ ಇದು ಗೊತ್ತು. ಅಟ್ಟದ ಮೇಲೂ ಅದೇ ಕತೆ. ಲೂಪ್ ಬೇಕು ಅಂದರೆ ಎರಡು ಪಾಯಿಂಟ್ಸ್ ಬೇಕು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆಯೇ ಪಾಯಿಂಟ್ಸ್.

ಅಂಗಡಿಯದ್ದು ಸಿಗುತ್ತದೆ, ಹೊರದೇಶದ್ದು. ಬೆಲೆ ಜಾಸ್ತಿ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅದರ ಬಾಗು ಅವರು ಕೊಟ್ಟಷ್ಟೇ. ನಮ್ಮ ಅಟ್ಟದ ನಡುವೆ ಒಂದು ಹಲಸಿನ ಮರದ ಕಂಬ ನಿಂತಿದೆ. ಅದು ಯಾವ ಕಂಪನಿಯ ಕ್ಯಾಟಲಾಗಿಗೂ ಜಗ್ಗುವುದಿಲ್ಲ. ಹಾಗಾಗಿ ಕೈಯಾರೆ ಮಾಡಲು ಕೂತೆ. ಮೊದಲನೆಯದಕ್ಕೆ ಮೂರು ವಾರ ಹಿಡಿಯಿತು, ಅದು ಕಸಕ್ಕೆ ಹೋಯಿತು. ಈಗ ಎರಡು ಸಂಜೆ ಸಾಕು.

ಮೊದಲು ಹೆಸರುಗಳು

ಗಾಡಿ ಬರುವ ಕಡೆಯಿಂದ ನೋಡಿ. ಹೊರಗಿನ ಎರಡು ಹಳಿ ಕದಲುವುದಿಲ್ಲ. ಅವು ಸ್ಟಾಕ್ ರೇಲ್. ಒಂದು ನೇರ, ಇನ್ನೊಂದು ಬಾಗಿದ್ದು. ಅವುಗಳ ಒಳಗೆ ಆ ಕಡೆ ಈ ಕಡೆ ಆಡುವ ಚೂಪು ಹಳಿಗಳು ಟಂಗ್ ರೇಲ್. ಅಲ್ಲಿಂದ ಮುಂದೆ, ಒಂದು ದಾರಿಯ ಹಳಿ ಇನ್ನೊಂದು ದಾರಿಯ ಹಳಿಯನ್ನು ದಾಟುವ ಜಾಗವೇ ಕ್ರಾಸಿಂಗ್. ಅದರ ನಡುವಿನ ಚೂಪು ತುದಿಗೆ ನಾನು ಮೂಗು ಅನ್ನುತ್ತೇನೆ. ಮೂಗಿನ ಎರಡೂ ಪಕ್ಕ ರೆಕ್ಕೆಯಂತೆ ಮಡಚಿಕೊಂಡಿರುವುದು ವಿಂಗ್ ರೇಲ್. ಮೂಗಿನ ಎದುರಿಗೆ, ಸ್ಟಾಕ್ ರೇಲಿಗೆ ಅಂಟಿದಂತೆ ಇರುವ ಗಿಡ್ಡ ತುಂಡು ಚೆಕ್ ರೇಲ್. ಗಾಲಿ ಮೂಗಿನ ತಪ್ಪು ಬದಿಗೆ ಹೋಗದಂತೆ ಆಚೆ ಗಾಲಿಯ ಬೆನ್ನು ಹಿಡಿದು ಎಳೆದಿಟ್ಟುಕೊಳ್ಳುವುದು ಅದರ ಕೆಲಸ.

ನಿಜವಾದದ್ದನ್ನು ಒಮ್ಮೆ ನೋಡಿ ಬನ್ನಿ. ಕುಮಟಾ, ಗೋಕರ್ಣ ರೋಡ್, ಕಾರವಾರ, ಯಾವುದಾದರೂ ಆಗಬಹುದು. ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ನೋಡಿ, ಹಳಿಗೆ ಇಳಿಯಬೇಡಿ. ಜೀವಕ್ಕೆ ಅಪಾಯ, ರೈಲ್ವೆ ಕಾಯ್ದೆಯಲ್ಲಿ ಅದು ಅಪರಾಧವೂ ಹೌದು. ಫೋನಿನ ಕ್ಯಾಮರಾ ಹತ್ತಿರಕ್ಕೆ ಎಳೆದು ಮೂಗಿನ ಫೋಟೋ ತೆಗೆದುಕೊಳ್ಳಿ. ಕೆಲಸ ಮಾಡುವಾಗ ಹತ್ತು ಸಲ ಬೇಕಾಗುತ್ತದೆ.

ಅಳತೆ

ನನ್ನದು ಎಚ್‌ಒ, ಅಂದರೆ 1:87, ನಿಜದ್ದರ 87ನೇ ಒಂದು ಪಾಲು. ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರಬೇಕಿತ್ತು. 16.5 ಎನ್ನುವುದು ಹೊರದೇಶದ 1435 ಮಿ.ಮೀ. ಗೇಜಿನ ಲೆಕ್ಕ. ಆದರೆ ಸಿಗುವ ಎಂಜಿನ್, ಗಾಲಿ ಎಲ್ಲ ಅದರದ್ದೇ. ಹಟಕ್ಕೆ ಬಿದ್ದು 19.3 ಮಾಡುವವರೂ ಇದ್ದಾರೆ. ಅವರಿಗೆ ನಮಸ್ಕಾರ. ನಾನು ಆ ದಾರಿಗೆ ಹೋಗಲಿಲ್ಲ.

ಇನ್ನೊಂದು ಅಳತೆ ಕ್ರಾಸಿಂಗಿನ ಕೋನದ್ದು. ರೈಲ್ವೆಯವರು ಒಂದರಲ್ಲಿ ಹನ್ನೆರಡು, ಒಂದರಲ್ಲಿ ಎಂಟೂವರೆ ಅನ್ನುತ್ತಾರೆ. ಹನ್ನೆರಡು ಅಡಿ ಮುಂದೆ ಹೋದಾಗ ಒಂದು ಅಡಿ ಪಕ್ಕಕ್ಕೆ ಸರಿದರೆ ಅದು ಒಂದರಲ್ಲಿ ಹನ್ನೆರಡು. ಪ್ಯಾಸೆಂಜರ್ ಗಾಡಿ ಓಡುವ ಲೂಪಿಗೆ ಸಾಮಾನ್ಯವಾಗಿ ಇದೇ. ನಿಜದಲ್ಲಿ ಅದರ ಉದ್ದ ಸುಮಾರು 40 ಮೀಟರ್. 1:87ಕ್ಕೆ ಇಳಿಸಿದರೂ 46 ಸೆಂ.ಮೀ. ಎರಡು ಇಟ್ಟರೆ ಅಟ್ಟದ ಒಂದು ಮೀಟರ್ ಅಲ್ಲಿಗೇ ಮುಗಿಯಿತು. ಹಾಗಾಗಿ ನಾನು ಒಂದರಲ್ಲಿ ಆರು ಮಾಡುತ್ತೇನೆ. ಕಾಲು ಮೀಟರ್ ಆಸುಪಾಸಿನಲ್ಲಿ ಮುಗಿಯುತ್ತದೆ, ಉದ್ದ ಡಬ್ಬಿಗಳೂ ಮುಗ್ಗರಿಸದೆ ಹೋಗುತ್ತವೆ. ಮೊದಲ ಸಲ ಮಾಡುವವರು ಇದಕ್ಕಿಂತ ಕಡಿದಾದ ಕೋನಕ್ಕೆ ಹೋಗಬೇಡಿ.

ನಕ್ಷೆ ಮಾಡಿಕೊಳ್ಳಲು ಟೆಂಪ್ಲಾಟ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕಲಿಯಲು ಒಂದು ವಾರ ತಲೆ ತಿನ್ನುತ್ತದೆ, ಆಮೇಲೆ ಒಗ್ಗುತ್ತದೆ. ನಕ್ಷೆಯನ್ನು ನೂರಕ್ಕೆ ನೂರು ಅಳತೆಯಲ್ಲೇ ಪ್ರಿಂಟ್ ತೆಗೆಯಬೇಕು. ನನ್ನ ಮೊದಲ ಪಾಯಿಂಟ್ಸ್ ಕಸಕ್ಕೆ ಹೋದದ್ದು ಇದೇ ಕಾರಣಕ್ಕೆ. ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಕಾಗದಕ್ಕೆ ಹೊಂದುವಂತೆ ಕುಗ್ಗಿಸಿ ಕೊಟ್ಟಿದ್ದರು. ನಾನೂ ನೋಡಲಿಲ್ಲ. 16.5 ಇರಬೇಕಾದದ್ದು ಸರಿಯಾಗಿ 16 ಆಗಿತ್ತು. ಕಾಗದವನ್ನೇ ನಂಬಿ ಅದರ ಮೇಲೆ ಎಲ್ಲ ಬೆಸೆದೆ. ನೋಡಲು ಚಂದ ಇತ್ತು. ಒಂದೇ ಒಂದು ಗಾಲಿ ಒಳಗೆ ಇಳಿಯಲಿಲ್ಲ. ಅಂಗಡಿಯಲ್ಲೇ ಸ್ಕೇಲ್ ಹಿಡಿದು ಅಳೆಯಿರಿ, ಆಮೇಲೆ ದುಡ್ಡು ಕೊಡಿ.

ಸಾಮಾನು

ಹಳಿ: ಕೋಡ್ 83 ಅಥವಾ ಕೋಡ್ 100. ಇದು ಹಳಿಯ ಎತ್ತರ, ಇಂಚಿನ ಸಾವಿರದ ಲೆಕ್ಕದಲ್ಲಿ. ಕೋಡ್ 100 ಅಂದರೆ 2.54 ಮಿ.ಮೀ. ಕೋಡ್ 83 ಅಂದರೆ 2.1 ಮಿ.ಮೀ. ನೋಡಲು 83 ಚೆನ್ನ. ನಿಮ್ಮ ಉಳಿದ ಹಳಿ ಯಾವುದೋ ಅದನ್ನೇ ತಗೊಳ್ಳಿ. ಲೋಹ ನಿಕಲ್ ಸಿಲ್ವರ್ ಇರಲಿ. ಅದರಲ್ಲಿ ಬೆಳ್ಳಿ ಏನೂ ಇಲ್ಲ, ತಾಮ್ರ, ಸತು, ನಿಕಲ್ ಅಷ್ಟೇ. ನಮ್ಮ ಮನೆಗಳಲ್ಲಿ ಜರ್ಮನ್ ಸಿಲ್ವರ್ ತಟ್ಟೆ, ಲೋಟ ಅಂತ ಇರುತ್ತಲ್ಲ, ಅದೇ ಜಾತಿ. ಹೊಸ ಹಳಿ ಸಿಗದಿದ್ದರೆ ಹಳೆಯ ಫ್ಲೆಕ್ಸ್ ಟ್ರ್ಯಾಕಿನ (ಬೇಕಾದಂತೆ ಬಾಗುವ ರೆಡಿಮೇಡ್ ಹಳಿ) ಪ್ಲಾಸ್ಟಿಕ್ಕಿನಿಂದ ಹಳಿ ಎಳೆದು ತೆಗೆದರೂ ಆಯಿತು.

ಸ್ಲೀಪರ್, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿ: ತಾಮ್ರದ ಪದರ ಇರುವ ಸರ್ಕ್ಯೂಟ್ ಬೋರ್ಡ್, 1.6 ಮಿ.ಮೀ. ದಪ್ಪದ್ದು. ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. 3 ಮಿ.ಮೀ. ಅಗಲಕ್ಕೆ ಸೀಳಿಕೊಳ್ಳಿ. ಸೀಳುವಾಗ ಮೂಗಿಗೆ ಬಟ್ಟೆ ಕಟ್ಟಿ, ಗಾಜಿನ ನಾರಿನ ಧೂಳು ಒಳ್ಳೆಯದಲ್ಲ. ಎಲ್ಲ ಸ್ಲೀಪರೂ ತಾಮ್ರದ್ದೇ ಆಗಬೇಕಿಲ್ಲ. ನಾಲ್ಕಕ್ಕೆ ಒಂದು ಸಾಕು, ಕ್ರಾಸಿಂಗಿನ ಕೆಳಗೆ ಮಾತ್ರ ಒತ್ತೊತ್ತಾಗಿ. ಉಳಿದದ್ದು ಅದೇ ದಪ್ಪದ ಮರದ ಪಟ್ಟಿ. ನಿಜದ ಹಳಿಯಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್ ಹಾಕಿದರೆ ಎರಡರ ನಡುವೆ 60 ಸೆಂ.ಮೀ. ಬರುತ್ತದೆ. ನಮ್ಮಲ್ಲಿ ಅದು 7 ಮಿ.ಮೀ.

ಇನ್ನು ಸೋಲ್ಡರಿಂಗ್ ಐರನ್. 25 ವಾಟಿನದ್ದು ಸಾಲದು. ಹಳಿ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. 50-60 ವಾಟ್, ಉಳಿಯಂಥ ಚಪ್ಪಟೆ ತುದಿ ಇರಲಿ. ಸೋಲ್ಡರ್, ಬೆಸುಗೆ ಚೆನ್ನಾಗಿ ಹಿಡಿಯಲು ಸವರುವ ಫ್ಲಕ್ಸ್, ಮಲ್ಟಿಮೀಟರ್, ಡಿಜಿಟಲ್ ಕ್ಯಾಲಿಪರ್, ಒಂದು ದೊಡ್ಡ ಚಪ್ಪಟೆ ಅರ, ಒಂದು ಸೆಟ್ ಸೂಜಿ ಅರ. ಹಳಿಗಳನ್ನು ಸರಿಯಾದ ಅಂತರದಲ್ಲಿ ಹಿಡಿದಿಡುವ ರೋಲರ್ ಗೇಜ್ ಎರಡಾದರೂ ಬೇಕು. ಬೇರೆಲ್ಲದರಲ್ಲಿ ಜಿಪುಣತನ ಮಾಡಿ, ಗೇಜಿನಲ್ಲಿ ಬೇಡ.

ಮೂಗಿನಿಂದ ಶುರು ಮಾಡಿ

ಹೆಚ್ಚಿನವರು ಹೊರಗಿನ ಹಳಿ ಅಂಟಿಸಿ ಒಳಗೆ ಬರುತ್ತಾರೆ. ಕೊನೆಗೆ ಮೂಗು ಉಳಿದ ಜಾಗದಲ್ಲಿ ಹೇಗೋ ತುರುಕಬೇಕಾಗುತ್ತದೆ. ನನ್ನ ಪ್ರಕಾರ ಅದು ತಿರುಗುಮುರುಗು. ಗಾಡಿ ಬೀಳುವುದು ಮೂಗಿನ ಹತ್ತಿರವೇ. ಮೂಗನ್ನು ಮೊದಲು ಮೇಜಿನ ಮೇಲೆ ಬೇರೆಯಾಗಿ ಮಾಡಿ ಮುಗಿಸಿ. ಉಳಿದ ಹಳಿಗಳೆಲ್ಲ ಅದಕ್ಕೆ ಹೊಂದಿಕೊಳ್ಳಲಿ.

ಎಂಟೆಂಟು ಸೆಂ.ಮೀ. ಉದ್ದದ ಎರಡು ಹಳಿ ತುಂಡು ತಗೊಳ್ಳಿ. ಎರಡರ ತುದಿಯನ್ನೂ ಒಂದೊಂದು ಬದಿ ಓರೆಯಾಗಿ ಅರದಿಂದ ತಿಕ್ಕಿ, ಆ ಓರೆ ಮುಖಗಳನ್ನು ಒಂದಕ್ಕೊಂದು ಕೂಡಿಸಿದರೆ ಮೂಗು ಆಗುತ್ತದೆ. ಒಂದರಲ್ಲಿ ಆರು ಕೋನ ಎರಡು ತುಂಡಿಗೂ ಸಮ ಹಂಚಿಹೋಗಬೇಕು. ಅಂದರೆ ಪ್ರತಿ ತುಂಡಿನ ಓರೆ ಒಂದರಲ್ಲಿ ಹನ್ನೆರಡು. ಒಂದು ಗಟ್ಟಿ ಮರದ ತುಂಡಿನ ಅಂಚಿಗೆ ಅದೇ ಓರೆಯಲ್ಲಿ ತೋಡು ಕೊರೆದುಕೊಳ್ಳಿ. ಹಳಿಯನ್ನು ಅದರಲ್ಲಿ ಕೂರಿಸಿ, ಹೊರಗೆ ಇಣುಕಿದಷ್ಟನ್ನು ತಿಕ್ಕಿದರೆ ಕೋನ ತಾನಾಗಿ ಬರುತ್ತದೆ. ಎಡಕ್ಕೊಂದು, ಬಲಕ್ಕೊಂದು ತೋಡು ಬೇಕು, ತುಂಡುಗಳು ಕನ್ನಡಿಯಲ್ಲಿ ಕಂಡಂತೆ ತದ್ವಿರುದ್ಧ. ಗಾಲಿ ಓಡುವ ಹೊರ ಅಂಚನ್ನು ಮಾತ್ರ ಮುಟ್ಟಬೇಡಿ.

ಅರ ಹಿಡಿಯುವುದು ನನಗೆ ಬರುತ್ತಿರಲಿಲ್ಲ. ಗರಗಸದಂತೆ ಹಿಂದೆ ಮುಂದೆ ಉಜ್ಜುತ್ತಿದ್ದೆ. ಹಳಿ ನಡುಗಿ ಮುಖ ಉಬ್ಬಾಗುತ್ತಿತ್ತು. ಒಂದು ದಿನ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ನಮ್ಮ ಓಣಿಯ ಅಕ್ಕಸಾಲಿಗರ ಹತ್ತಿರ ಹೋದೆ. ಕನ್ನಡಕ ಹಣೆಗೆ ಏರಿಸಿ ನೋಡಿದರು. "ತಮಾ, ಅರ ಹೋಗ್ತಾ ತಿಂತದೆ. ಬರ್ತಾ ಎತ್ಕಳ್ಳಬೇಕು" ಎಂದರು. ಹಳಿಯನ್ನು ತಮ್ಮ ಮರದ ಗೂಟಕ್ಕೆ ಒತ್ತಿ ಹಿಡಿದು ಉದ್ದಕ್ಕೆ ನಾಲ್ಕು ಎಳೆತ ಎಳೆದರು, ಬೆರಳು ಸವರಿದರು, ಮತ್ತೆ ಎರಡು. ಮುಖ ಗಾಜಿನ ಹಾಗೆ ಸಪಾಟು. ನಾನು ಒಂದು ಗಂಟೆ ಕೂತಿದ್ದ ಕೆಲಸ ಅದು. ಅವತ್ತಿನಿಂದ ನಾನೂ ಮುಂದಕ್ಕೆ ಒತ್ತಿ, ಎತ್ತಿ, ಹಿಂದಕ್ಕೆ ತರುತ್ತೇನೆ. ಅರದ ಹಲ್ಲಿಗೆ ಸ್ವಲ್ಪ ಸೀಮೆಸುಣ್ಣ ತಿಕ್ಕುವುದನ್ನೂ ಅವರೇ ಹೇಳಿಕೊಟ್ಟರು. ಪುಡಿ ಕಚ್ಚಿಕೊಳ್ಳುವುದಿಲ್ಲ.

ಎರಡೂ ತುಂಡು ಸಿದ್ಧವಾದ ಮೇಲೆ ಹಲಗೆಯ ಮೇಲೆ 60 ಮಿ.ಮೀ. ಉದ್ದದ ಗೆರೆ ಎಳೆದು, ಅದರ ತುದಿಯಿಂದ ನೇರ ಪಕ್ಕಕ್ಕೆ 10 ಮಿ.ಮೀ. ಗುರುತು ಹಾಕಿ. ಗುರುತಿನಿಂದ ಮೊದಲ ಗೆರೆಯ ಶುರುವಿಗೆ ಇನ್ನೊಂದು ಗೆರೆ ಕೂಡಿಸಿ. ಇದೇ ಒಂದರಲ್ಲಿ ಆರು. ತುಂಡುಗಳ ಹೊರ ಅಂಚು ಈ ಗೆರೆಗಳ ಮೇಲೆ ಕೂರುವಂತೆ ಮೊಳೆ ಒತ್ತಿ ಹಿಡಿದು, ಫ್ಲಕ್ಸ್ ಸವರಿ, ಸಂದಿಗೆ ಸೋಲ್ಡರ್ ಹರಿಸಿ. ತಣಿದ ಮೇಲೆ ತುದಿಯನ್ನು ಅರ್ಧ ಮಿ.ಮೀ.ನಷ್ಟು ಮೊಂಡು ಮಾಡಿ. ಸೂಜಿಯಂಥ ಮೂಗು ಚಂದ ಕಾಣುತ್ತದೆ, ಆದರೆ ಗಾಲಿಗೆ ಚುಚ್ಚುತ್ತದೆ. ರೈಲ್ವೆಯವರ ಮೂಗೂ ನಿಜಕ್ಕೂ ಚೂಪಲ್ಲ. ಎರಡು ಗೆರೆ ಕೂಡುವ ಲೆಕ್ಕದ ತುದಿಗಿಂತ ಸ್ವಲ್ಪ ಹಿಂದೆಯೇ ಅದು ಮುಗಿಯುತ್ತದೆ.

ಕೂರಿಸುವುದು

ನಕ್ಷೆಯನ್ನು ಹಲಗೆಗೆ ಅಂಟಿಸಿ. ತಾಮ್ರದ ಸ್ಲೀಪರುಗಳನ್ನು ಎರಡು ಬದಿಯ ಟೇಪಿನಿಂದ ಅವುಗಳ ಜಾಗದಲ್ಲಿ ಕೂರಿಸಿ. ಮುಂಚೆಯೇ ಪ್ರತಿ ಸ್ಲೀಪರಿನ ತಾಮ್ರವನ್ನು ಹಳಿಗಳ ನಡುವೆ ಅಡ್ಡಕ್ಕೆ ಅರದಿಂದ ಕಡಿದಿರಬೇಕು. ಇಲ್ಲದಿದ್ದರೆ ಎರಡು ಹಳಿಗೂ ಕರೆಂಟ್ ಸೇರಿ ಶಾರ್ಟ್ ಆಗುತ್ತದೆ. ಕಡಿದ ಮೇಲೆ ಒಂದೊಂದಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಇನ್ನೂ ಕಡಿದಿಲ್ಲ ಅಂತ ಅರ್ಥ. ಬೆಸೆದ ಮೇಲೆ ಹುಡುಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ನೇರ ಸ್ಟಾಕ್ ರೇಲನ್ನು ಮೊದಲು ಬೆಸೆಯಿರಿ. ಸ್ಕೇಲ್ ಒತ್ತಿಟ್ಟು, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ಬೆಸುಗೆ ಹಳಿಯ ಹೊರಬದಿಗೆ ಮಾತ್ರ. ಒಳಬದಿಯಲ್ಲಿ ಒಂದು ಗುಳ್ಳೆ ನಿಂತರೂ ಗಾಲಿಯ ಅಂಚು ಅದರ ಮೇಲೆ ಹತ್ತುತ್ತದೆ. ಆಮೇಲೆ ಗೇಜ್ ಇಟ್ಟು ಮೂಗನ್ನು ಕೂರಿಸಿ. ಆಮೇಲೆ ಬಾಗಿದ ಸ್ಟಾಕ್ ರೇಲ್, ಅದೂ ಮೂಗಿನಿಂದ ಗೇಜ್ ಹಿಡಿದೇ. ಟಂಗ್ ರೇಲಿನ ತುದಿ ಬರುವಲ್ಲಿ ಈ ಹಳಿಗೆ ಕೂದಲೆಳೆಯಷ್ಟು ಮುರಿವು ಕೊಡಿ. ಕಣ್ಣಿಗೆ ಕಾಣಬಾರದು, ಬೆರಳಿಗೆ ಗೊತ್ತಾಗಬೇಕು. ಆ ಮುರಿವಿನಲ್ಲಿ ಟಂಗ್ ರೇಲ್ ಅಡಗಿ ಕೂರುತ್ತದೆ.

ವಿಂಗ್ ರೇಲಿಗೂ ಮೂಗಿಗೂ ನಡುವೆ ಗಾಲಿಯ ಅಂಚು ಹೋಗಲು ಸಂದು ಬೇಕು, ಸುಮಾರು 1.2 ಮಿ.ಮೀ. ಅಷ್ಟೇ ದಪ್ಪದ ಒಂದು ಪಟ್ಟಿಯನ್ನು ಕ್ಯಾಲಿಪರಿನಲ್ಲಿ ಅಳೆದು ಇಟ್ಟುಕೊಳ್ಳಿ, ಸಂದಿಯಲ್ಲಿ ಸಿಕ್ಕಿಸಿ ಬೆಸೆಯಿರಿ. ಚೆಕ್ ರೇಲಿಗೂ ಅದೇ ಪಟ್ಟಿ. ಆದರೆ ಚೆಕ್ ರೇಲಿನಲ್ಲಿ ಸಂದಿಗಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ಮೂಗಿನ ಗಾಲಿ ಓಡುವ ಅಂಚಿನಿಂದ ಚೆಕ್ ರೇಲಿನ ಗಾಲಿ ತಾಗುವ ಮುಖದವರೆಗೆ 15.3 ಮಿ.ಮೀ. ಆಸುಪಾಸು ಇರಲೇಬೇಕು. ಇದು ಕಡಿಮೆಯಾದರೆ ಗಾಲಿ ಮೂಗಿಗೆ ಹೊಡೆಯುತ್ತದೆ. ಗಾಡಿ ಪದೇ ಪದೇ ಒಂದೇ ಕಡೆ ಬೀಳುತ್ತಿದೆ ಅಂದರೆ ನಾನು ಮೊದಲು ಅಳೆಯುವುದು ಇದನ್ನೇ. ಎರಡನೆಯದಾಗಿ ಗಾಲಿಗಳನ್ನು. ಒಂದು ಅಚ್ಚಿನ ಎರಡು ಗಾಲಿಗಳ ಬೆನ್ನಿಂದ ಬೆನ್ನಿಗೆ 14.4 ಮಿ.ಮೀ. ಸುಮಾರು ಇರಬೇಕು. ಹೊಸ ವ್ಯಾಗನ್ನಿನಲ್ಲೂ ಇದು ತಪ್ಪಿರುವುದುಂಟು. ಆಗ ಪಾಪದ ಪಾಯಿಂಟ್ಸನ್ನು ಬೈದು ಏನು ಬಂತು?

ಟಂಗ್ ರೇಲ್

ಮತ್ತೆ ಅರ. ಸ್ಟಾಕ್ ರೇಲಿಗೆ ತಾಗುವ ಬದಿಯಲ್ಲಿ ಮೊದಲು ಅಡಿಯ ಅಗಲ ತೆಗೆಯಿರಿ, ಆಮೇಲೆ ತಲೆಯನ್ನು ಮೂರು ನಾಲ್ಕು ಸೆಂ.ಮೀ. ಉದ್ದಕ್ಕೆ ಓರೆ ಮಾಡಿ, ತುದಿಯಲ್ಲಿ ಬ್ಲೇಡಿನಷ್ಟು ತೆಳ್ಳಗೆ. ತುದಿಯ ಮೇಲ್ಭಾಗವನ್ನೂ ಸ್ಟಾಕ್ ರೇಲಿಗಿಂತ ಕೂದಲೆಳೆ ತಗ್ಗಿಸಿ, ಗಾಲಿ ಅದರ ಮೇಲೆ ಹತ್ತಬಾರದು. ಬೆರಳಿನ ಉಗುರನ್ನು ಸ್ಟಾಕ್ ರೇಲಿನ ಒಳಬದಿಯಲ್ಲಿ ಎಳೆದುಕೊಂಡು ಹೋಗಿ. ಟಂಗ್ ರೇಲ್ ಶುರುವಾಗುವಲ್ಲಿ ಉಗುರು ಸಿಕ್ಕಿತೋ, ಇನ್ನೂ ತಿಕ್ಕಬೇಕು.

ಎರಡು ಟಂಗ್ ರೇಲನ್ನು ತುದಿಯ ಹತ್ತಿರ ಒಂದು ತಾಮ್ರದ ಪಟ್ಟಿಯಿಂದ ಜೋಡಿಸಿ. ಇದರ ನಡುವೆಯೂ ತಾಮ್ರ ಕಡಿದಿರಬೇಕು, ಮರೆಯಬೇಡಿ. ತುದಿ ಆಚೀಚೆ 2 ಮಿ.ಮೀ. ಆಡಿದರೆ ಸಾಕು. ಬುಡದಲ್ಲಿ ಕೀಲು ಬೇಕಿಲ್ಲ. ಹಳಿ ಉದ್ದವಾಗಿದ್ದರೆ ತಾನೇ ಬಳುಕುತ್ತದೆ.

ಕರೆಂಟು

ಮೂಗು ಎರಡೂ ದಾರಿಗೆ ಸೇರಿದ್ದು. ಹಾಗಾಗಿ ಅದಕ್ಕೆ ಒಂದೇ ಕರೆಂಟ್ ಖಾಯಂ ಕೊಡಲಾಗದು. ಪಾಯಿಂಟ್ಸ್ ನೇರ ದಾರಿಗೆ ಇದ್ದಾಗ ಮೂಗಿಗೆ ಬಾಗಿದ ಸ್ಟಾಕ್ ರೇಲಿನ ಕರೆಂಟ್ ಬೇಕು. ಲೂಪಿಗೆ ತಿರುಗಿಸಿದಾಗ ನೇರ ಸ್ಟಾಕ್ ರೇಲಿನದ್ದು. ಕಾಗದದ ಮೇಲೆ ಎರಡು ಬಣ್ಣದ ಪೆನ್ನಿನಲ್ಲಿ ಎಳೆದು ನೋಡಿ, ಹೊಳೆಯುತ್ತದೆ. ಮೂಗು ಮತ್ತು ವಿಂಗ್ ರೇಲುಗಳನ್ನು ಒಂದು ದ್ವೀಪದಂತೆ ಬೇರೆ ಮಾಡಬೇಕು. ಟಂಗ್ ರೇಲಿನಿಂದ ಬರುವ ಹಳಿಗಳನ್ನು ವಿಂಗ್ ರೇಲ್ ಶುರುವಾಗುವ ಮುಂಚೆ, ಮೂಗಿನ ಬಾಲಗಳನ್ನು ಆಚೆ ಕೊನೆಯಲ್ಲಿ, ಅಕ್ಕಸಾಲಿಗರ ತೆಳ್ಳನೆ ಗರಗಸದಿಂದ ಕೊಯ್ಯಿರಿ. ಸಂದು ಮತ್ತೆ ಕೂಡದಂತೆ ಪ್ಲಾಸ್ಟಿಕ್ ಚೂರು ತುರುಕಿ. ಪ್ರತಿ ಟಂಗ್ ರೇಲಿಗೂ ಅದರ ಪಕ್ಕದ ಸ್ಟಾಕ್ ರೇಲಿನಿಂದ ಒಂದು ತಂತಿ ಕೊಡಿ.

ಇನ್ನು ಆಡಿಸುವುದು. ಮೋಟರ್ ಹಾಕಬಹುದು. ನಾನು ಹಲಗೆಯ ಕೆಳಗೆ ಒಂದು ಸ್ಲೈಡ್ ಸ್ವಿಚ್ ಹಾಕಿದ್ದೇನೆ. ಅದರ ಗುಬ್ಬಿಯಿಂದ ಒಂದು ಸ್ಪ್ರಿಂಗ್ ತಂತಿ ಮೇಲೆ ಬಂದು ತಾಮ್ರದ ಪಟ್ಟಿಯ ತೂತಿಗೆ ಸೇರುತ್ತದೆ. ಸ್ವಿಚ್ ಎಳೆದರೆ ಟಂಗ್ ರೇಲೂ ಸರಿಯುತ್ತದೆ, ಅದೇ ಸ್ವಿಚ್ ಮೂಗಿನ ಕರೆಂಟನ್ನೂ ಬದಲಿಸುತ್ತದೆ. ಕೈಯಿಂದ ಎಳೆದಾಗ ಬರುವ 'ಟಕ್' ಸದ್ದು ನನಗೆ ಇಷ್ಟ.

ಓಡಿಸುವ ಮುಂಚೆ

ಎಂಜಿನ್ ತರಬೇಡಿ. ಒಂದು ವ್ಯಾಗನ್ ತಂದು ಒಂದು ಬೆರಳಿನಿಂದ ನಿಧಾನಕ್ಕೆ ತಳ್ಳಿ. ಎರಡೂ ದಾರಿಯಲ್ಲಿ, ಹೋಗುತ್ತಾ ಮತ್ತು ಬರುತ್ತಾ. ಬೆರಳಿಗೆ ಎಲ್ಲಿ ತಡೆ ಗೊತ್ತಾಯಿತೋ ಅಲ್ಲಿ ಪೆನ್ಸಿಲ್ ಗುರುತು. ನಾನು ಇದನ್ನು ರಾತ್ರಿ ಮಾಡುತ್ತೇನೆ. ಮನೆ ಮಲಗಿರುತ್ತದೆ, ಹಂಚಿನ ಮೇಲೆ ಮಳೆ ಇಲ್ಲದ ದಿನ ಗಾಲಿಯ ಸದ್ದು ಸರಿಯಾಗಿ ಕೇಳುತ್ತದೆ. ಸರಿ ಇರುವ ಮೂಗಿನ ಮೇಲೆ ಗಾಲಿ ಸಣ್ಣಗೆ 'ಟಿಕ್' ಅನ್ನುತ್ತದೆ. 'ಟೊಕ್' ಅಂದರೆ ಇಳಿದು ಹತ್ತುತ್ತಿದೆ. ಒಮ್ಮೆ ಕೆಳಗಿನಿಂದ ಆಯಿ, "ಎಂತದಾ ಅದು, ಇಲಿಯಾ?" ಎಂದು ಕೂಗಿದ್ದರು.

ಕೆಲಸ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಫ್ಲಕ್ಸ್ ತೊಳೆಯಲೇಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಫ್ಲಕ್ಸ್ ಉಳಿದರೆ ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ. ಕಾರವಾರ, ಹೊನ್ನಾವರದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ತೊಳೆದು ಒಣಗಿಸಿ, ಹಳಿಯ ಪಕ್ಕಕ್ಕೆ ಮತ್ತು ಸ್ಲೀಪರಿಗೆ ಬಣ್ಣ ಬಳಿಯಿರಿ. ಜಲ್ಲಿ ಅಂಟಿಸುವಾಗ ಟಂಗ್ ರೇಲಿನ ಹತ್ತಿರ ಅಂಟು ಸುರಿಯಬೇಡಿ. ಸೋಲ್ಡರಿನಲ್ಲಿ ಸೀಸ ಇರುತ್ತದೆ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಒಂದು ಸಂಗತಿ ಉಳಿಯಿತು. ಲೂಪಿನ ಒಂದು ಕೊನೆಗೆ ಎಡಕ್ಕೆ ತಿರುಗುವ ಪಾಯಿಂಟ್ಸ್ ಇದ್ದರೆ ಇನ್ನೊಂದು ಕೊನೆಗೆ ಬಲಕ್ಕೆ ತಿರುಗುವುದು ಬೇಕು. ಎರಡನೆಯದರ ನಕ್ಷೆಯನ್ನು ಕನ್ನಡಿ ಮಾಡಿ ಪ್ರಿಂಟ್ ತೆಗೆಯಬೇಕು. ನಾನು ಹುರುಪಿನಲ್ಲಿ ಎರಡೂ ಎಡದ್ದನ್ನೇ ಮಾಡಿದ್ದೆ. ಹಾಗಾಗಿ ನನ್ನ ಸ್ಟೇಷನ್ನಿನಲ್ಲಿ ಮೊದಲು ಎಣಿಸಿರದ ಒಂದು ಸೈಡಿಂಗ್, ಅಂದರೆ ಮುಂದೆ ಎಲ್ಲೂ ಕೂಡದ ಪಕ್ಕದ ಹಳಿ, ಇದೆ. ಲಾರಿ ಹೇರಿಕೊಂಡು ಹೋಗುವ ರೋ-ರೋ ವ್ಯಾಗನ್ ಎರಡು ಅಲ್ಲಿ ನಿಂತಿವೆ.